ಟ್ರಕ್ಕು ಅಕ್ಕನದು, ಗೂಡು ತಂಗಿಯದು

ಡಕೋಟದಲ್ಲಿ ಮಾರ್ಚ್ ತಿಂಗಳು ಮುಗಿಯುತ್ತ ಬಂದಿತ್ತು. ಅಂಗಳದ ಹಿಮ ಇನ್ನೂ ಪೂರ್ತಿ ಕರಗಿರಲಿಲ್ಲ. ಕೊಟ್ಟಿಗೆಯ ನೆರಳು ಬೀಳುವ ಕಡೆ ಕೊಳಕು ದಿಬ್ಬವಾಗಿ ಉಳಿದುಕೊಂಡಿತ್ತು. ಬೆಳಗಿನ ಜಾವ, ಹೊಲದಾಚೆಯ ಆಕಾಶ ಬೂದಿ ಬಣ್ಣಕ್ಕೆ ತಿರುಗುವ ಹೊತ್ತಿಗೆ, ಆರ್ಡಿಸ್ ತನ್ನ ಟ್ರಕ್ಕನ್ನು ಹಿಂದಕ್ಕೆ ಓಡಿಸಿಕೊಂಡು ತಂಗಿ ಲವೋನಳ ಮನೆಯ ಹಿತ್ತಲಿಗೆ ತಂದಳು. ಅಲ್ಲಿ ಟ್ರಕ್ಕಿನ ಬೆನ್ನ ಮೇಲೆ ಕೂರಿಸಿ ಒಯ್ಯುವ ಕ್ಯಾಂಪರ್ ಗೂಡು ಮೂಲೆಗೊಂದರಂತೆ ನಾಲ್ಕು ಕಬ್ಬಿಣದ ಕಾಲುಗಳ ಮೇಲೆ ನಿಂತಿತ್ತು. ಹಾಗೆ ನಿಂತೇ ಅದು ಆರು ಚಳಿಗಾಲ ಕಳೆದಿತ್ತು.

ಗೂಡು ಲವೋನಳದು. ಒಳಗೆ ಒಲೆ, ಪುಟ್ಟ ಮೇಜು, ಮುಂದುಗಡೆ ಟ್ರಕ್ಕಿನ ತಲೆಯ ಮೇಲೆ ಚಾಚಿಕೊಳ್ಳುವ ಹಾಸಿಗೆ, ಎಲ್ಲ ಇತ್ತು. ಅವಳೂ ಅವಳ ಗಂಡ ಡ್ವೇನನೂ ಅದನ್ನು ಹೊತ್ತುಕೊಂಡು ವರ್ಷಕ್ಕೊಂದು ಸಲ ಮರುಭೂಮಿಗೆ ಹೋಗಿ ಬರುತ್ತಿದ್ದರು. ಡ್ವೇನ್ ತೀರಿಕೊಂಡ ಮೇಲೆ ಅವನ ಟ್ರಕ್ಕು ಮಾರಿಹೋಯಿತು; ಗೂಡನ್ನು ಕೊಡುವುದಕ್ಕೆ ಮಾತ್ರ ಅವಳಿಗೆ ಮನಸ್ಸು ಬರಲಿಲ್ಲ. ಅತ್ತ ಆರ್ಡಿಸಳಿಗೆ ಅವಳ ಗಂಡ ಸಾಯುವಾಗ ದೊಡ್ಡ ಟ್ರಕ್ಕೊಂದನ್ನು ಬಿಟ್ಟುಹೋಗಿದ್ದ. ಅದರ ಬೆನ್ನ ಮೇಲೆ ಹೊರಲು ಏನೂ ಇರಲಿಲ್ಲ. ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುವಾಗ ಊರ ಹೆಂಗಸರು, "ಒಬ್ಬಳ ಹತ್ರ ಮನೆ ಇದೆ, ಚಕ್ರ ಇಲ್ಲ. ಇನ್ನೊಬ್ಬಳ ಹತ್ರ ಚಕ್ರ ಇದೆ, ಮನೆ ಇಲ್ಲ. ಇಬ್ಬರೂ ಸೇರ್ಕೊಂಡು ಎಲ್ಲಾದ್ರೂ ಹೋಗ್ರೇ, ನಮಗೂ ಸ್ವಲ್ಪ ನೆಮ್ಮದಿ" ಎಂದು ನಗುತ್ತಿದ್ದರು.

ಟ್ರಕ್ಕು ಹಿಂದಕ್ಕೆ ಬರುತ್ತಿದ್ದಾಗ ಲವೋನ್ ಕೈ ಬೀಸಿ ದಾರಿ ತೋರಿಸುತ್ತಿದ್ದಳು.

"ಸ್ವಲ್ಪ ಬಲಕ್ಕೆ, ಅಕ್ಕಾ."

"ಕಾಣ್ತಾ ಇದೆ ಕಣೆ ನಂಗೆ."

"ಕಾಣ್ತಾ ಇದ್ರೆ ಗೂಡಿನ ಕಾಲಿಗೆ ಯಾಕೆ ಗುದ್ದೋಕೆ ಬರ್ತಿದ್ದೀಯ?"

ಆರ್ಡಿಸ್ ಬ್ರೇಕು ಒತ್ತಿದಳು, ಗೊಣಗಿದಳು, ಮುಂದಕ್ಕೆ ಹೋಗಿ ಮತ್ತೆ ಬಂದಳು. ಮೂರನೆಯ ಸಲ ಟ್ರಕ್ಕಿನ ಬೆನ್ನು ಗೂಡಿನಡಿಗೆ ನೇರವಾಗಿ ಸರಿಯಿತು. ಲವೋನ್ ಒಂದೊಂದೇ ಕಾಲಿನ ಹಿಡಿಕೆ ತಿರುಗಿಸುತ್ತ, ನಾಲ್ಕೂ ಮೂಲೆ ಸುತ್ತಿ ಸುತ್ತಿ, ಗೂಡನ್ನು ಒಂದಿಷ್ಟೂ ವಾಲದಂತೆ ಕೆಳಗಿಳಿಸಿ ಕೂರಿಸಿದಳು, ಸರಪಳಿ ಬಿಗಿದಳು. ಮಂಡಿ ಎರಡೂ ಚುಳ್ ಎಂದವು. ತೋರಗೊಡಲಿಲ್ಲ.

ಅವಳು ಹೊರಟದ್ದು ಒಂದೇ ಒಂದು ಜಾಗಕ್ಕಾಗಿ. ಯೂಟಾದ ತೆಂಕಣ ಗಡಿಯ ಹತ್ತಿರ ಲ್ಯಾಂಟರ್ನ್ ಕಣಿವೆ ಎಂದು ಒಂದಿದೆ. ಎರಡು ಕೆಂಪು ಬಂಡೆಗೋಡೆ. ನಡುವೆ ಒಬ್ಬರು ಭುಜ ಓರೆ ಮಾಡಿಕೊಂಡು ನುಸುಳುವಷ್ಟು ಸಂದು. ಹೊತ್ತು ನೆತ್ತಿಗೇರುವ ಮುಂಚೆ ಸ್ವಲ್ಪ ಹೊತ್ತು ಬಿಸಿಲು ನೇರ ಒಳಗೆ ಬೀಳುತ್ತದೆ. ಆಗ ಕಲ್ಲೇ ಒಳಗಿನಿಂದ ಹತ್ತಿಕೊಂಡ ಹಾಗೆ ಕಾಣುತ್ತದಂತೆ. ಜನ ತುಳಿದು ಹಾಳಾಗಬಾರದೆಂದು ದಿನಕ್ಕೆ ಕೆಲವರನ್ನಷ್ಟೇ ಬಿಡುತ್ತಾರೆ, ಅದೂ ಚೀಟಿ ಎತ್ತಿ. ಡ್ವೇನನೂ ಅವಳೂ ವರ್ಷ ವರ್ಷವೂ ಹೆಸರು ಹಾಕಿದ್ದರು, ಒಮ್ಮೆಯೂ ಬಂದಿರಲಿಲ್ಲ. ಹೋದ ಚಳಿಗಾಲದಲ್ಲಿ ಬರೀ ಅಭ್ಯಾಸಬಲದಿಂದ ಮತ್ತೆ ಹಾಕಿದಳು. ಬಂತು. ಏಪ್ರಿಲಿನ ಒಂದು ಬುಧವಾರ, ಇಬ್ಬರಿಗೆ. ಆ ದಿನ ಬೆಳಿಗ್ಗೆ ಹೇಳಿದ ಗಂಟೆಗೆ ಅಲ್ಲಿಯ ಕಚೇರಿಗೆ ಹೋಗಿ ಪರವಾನಗಿ ಪಡೆಯಬೇಕು.

ಡಾಕ್ಟರು ಶರತ್ಕಾಲದಲ್ಲಿ ಅವಳ ಎರಡೂ ಮಂಡಿ ಬದಲಿಸಬೇಕೆಂದಿದ್ದರು. "ಆಮೇಲೆ ಮೆಟ್ಟಿಲು ಹತ್ತಬಹುದು, ಬಂಡೆ ಇಳಿಯೋ ಆಸೆ ಬಿಟ್ಟುಬಿಡಿ" ಎಂದೂ ಹೇಳಿದ್ದರು. ಹಾಗಾಗಿ ಹೋದರೆ ಈ ವಸಂತದಲ್ಲಿ, ಇಲ್ಲದಿದ್ದರೆ ಇಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ಬರ್ತೀನಿ" ಎಂದಿದ್ದಳು ಆರ್ಡಿಸ್. "ಆದ್ರೆ ನನ್ನ ಟ್ರಕ್ಕು ನಾನೇ ಓಡಿಸೋದು. ತಂಗೋ ಜಾಗ ಎಲ್ಲ ನಾನೇ ಮುಂಚೆ ಹಿಡಿದಿಡೋದು. ಎಲ್ಲೆಲ್ಲೋ ಮರಳಲ್ಲಿ ನಿಲ್ಲಿಸ್ಕೊಂಡು ಮಲಗೋದೆಲ್ಲ ನನ್ನ ಹತ್ರ ಆಗಲ್ಲ."

ಲವೋನ್ ಒಪ್ಪಿದಳು. ಒಪ್ಪದೆ ಬೇರೆ ದಾರಿ ಇರಲಿಲ್ಲ.

ಆರ್ಡಿಸ್ ಬದುಕಿನ ಬಹುಪಾಲನ್ನು ಊರಿನ ಧಾನ್ಯ ಗೋದಾಮಿನ ತೂಕದ ಕಟ್ಟೆಯಲ್ಲಿ ಕಳೆದವಳು. ಗೋಧಿ, ಸೂರ್ಯಕಾಂತಿ ತುಂಬಿಕೊಂಡು ಬಂದ ಲಾರಿಗಳನ್ನು ತೂಗಿ ತೂಗಿ, ಲೋಕದಲ್ಲಿ ಏನೇ ಕಂಡರೂ ಮೊದಲು ಅದರ ಭಾರ ಕಾಣುವಂತಾಗಿಬಿಟ್ಟಿತ್ತು. ಮೊದಲ ರಾತ್ರಿಯ ತಂಗುದಾಣದಲ್ಲೇ ಲವೋನಳ ಬೀಡುಕಬ್ಬಿಣದ ಬಾಣಲೆ ಕೈಗೆತ್ತಿಕೊಂಡು ತೂಗಿ ನೋಡಿದಳು.

"ಇದ್ಯಾಕೆ?"

"ಅಡುಗೆಗೆ ಅಕ್ಕಾ. ಮತ್ತೇನು, ತಲೆಗೆ ಹಾಕ್ಕೊಳ್ಳೋಕಾ?"

"ಟಯರು ನಂದು, ಸ್ಪ್ರಿಂಗು ನಂದು. ತಗಡಿನದೊಂದು ಸಾಕು."

ಬೆಳಿಗ್ಗೆ ಎದ್ದು ನೋಡಿದರೆ ಬಾಣಲೆ ಅಲ್ಲಿಯ ಕಲ್ಲುಬೆಂಚಿನ ಮೇಲೆ, 'ಬೇಕಾದವರು ಒಯ್ಯಿರಿ' ಎಂಬ ಚೀಟಿ ಹೊತ್ತು ಕುಳಿತಿತ್ತು. ಲವೋನ್ ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಆರ್ಡಿಸ್ ಟ್ರಕ್ಕು ಶುರು ಮಾಡಿ ಹಾರ್ನ್ ಒತ್ತುತ್ತಿದ್ದಳು. ಬಾಣಲೆ ಅಲ್ಲೇ ಉಳಿಯಿತು.

ನೀರಿನ ಕಥೆಯೂ ಅಷ್ಟೇ. "ನೀರಿಗೆ ಎಷ್ಟು ಭಾರ ಗೊತ್ತೇನೆ?" ಎಂದು ಆರ್ಡಿಸ್ ಗೂಡಿನ ತೊಟ್ಟಿಯನ್ನು ಕಾಲು ಭಾಗಕ್ಕಿಂತ ಮೇಲೆ ತುಂಬಲು ಬಿಡಲಿಲ್ಲ. ಮರುಭೂಮಿಗೆ ಇಳಿಯುತ್ತಿದ್ದ ಹಾಗೆ ದಾರಿಯಲ್ಲಿ ಕಂಡ ಗಾಡಿಗಳೆಲ್ಲ ಕ್ಯಾನುಗಟ್ಟಲೆ ನೀರು ಹೊತ್ತು ಓಡುತ್ತಿದ್ದವು. ಇವರು ಮಾತ್ರ ಒಂದು ಲೋಟದಲ್ಲಿ ಹಲ್ಲುಜ್ಜಿ, ಅದೇ ನೀರಲ್ಲಿ ಚಮಚ ಅಲುಬಿಕೊಳ್ಳುತ್ತಿದ್ದರು. ಮೇಲಿನ ಹಾಸಿಗೆ ಆರ್ಡಿಸಳದು, ಅವಳು ಹಿರಿಯಳು. ಲವೋನ್ ದಿನಾ ರಾತ್ರಿ ಊಟದ ಮೇಜು ಕೆಳಗಿಳಿಸಿ ಅದರ ಮೇಲೆ ದಿಂಬು ಹಾಸಿ ಮಲಗುತ್ತಿದ್ದಳು; ಬೆಳಿಗ್ಗೆ ಅಕ್ಕನಿಗೆ ಕಾಫಿ ಬೇಕೆನ್ನಿಸುವ ಮುಂಚೆ ಎದ್ದು ಮತ್ತೆ ಮೇಜು ಮಾಡಬೇಕಿತ್ತು.

ಜಾಗಗಳಾದರೂ ನೋಡಸಿಕ್ಕವೇ ಎಂದರೆ, ಅದೂ ಇಲ್ಲ. ಆರ್ಡಿಸ್ ಹಿಡಿದಿಟ್ಟ ತಂಗುದಾಣಗಳೆಲ್ಲ ಒಂದಕ್ಕೊಂದು ದೂರ. ಕತ್ತಲಾಗುವ ಮುಂಚೆ ತಲುಪಬೇಕು, ತಲುಪಿದ ಮೇಲೆ ವಿದ್ಯುತ್ತಿನ ತಂತಿ ಚುಚ್ಚಬೇಕು. ಬ್ಯಾಡ್‌ಲ್ಯಾಂಡ್ಸಿನ ಬೋಳು ಗುಡ್ಡಗಳ ಅಂಚಿನಲ್ಲಿ ಟ್ರಕ್ಕು ನಿಂತಿತು, ಎಂಜಿನ್ ಆರಲಿಲ್ಲ. ಆರ್ಚಸ್ಸಿನ ಕಲ್ಲುಕಮಾನುಗಳ ಹತ್ತಿರ ಲವೋನ್ ಬಾಗಿಲು ತೆಗೆದು ಒಂದು ಕಾಲು ನೆಲಕ್ಕಿಟ್ಟಳು.

"ಇಲ್ಲಿಂದ ಕಾಣಲ್ವೇನೆ?" ಎಂದಳು ಆರ್ಡಿಸ್.

"ಕಾಣುತ್ತೆ. ಕಮಾನಿನ ಕೆಳಗೆ ಹೋಗಿ ನಿಂತು ನೋಡಿದ್ರೆ ಬೇರೆ ಥರ ಕಾಣುತ್ತೆ."

"ನಿನ್ನ ಮಂಡಿ ಕಣಿವೆಗೆ ಉಳಿಸ್ಕೋ. ಹತ್ತು."

ಲವೋನ್ ಕಾಲು ಒಳಗೆ ಎಳೆದುಕೊಂಡಳು. ಉಳಿದದ್ದೆಲ್ಲ ಹೋದರೆ ಹೋಗಲಿ, ಆ ಒಂದು ಬುಧವಾರ ಸಾಕು ಎಂದು ಮನಸ್ಸಿಗೆ ಹೇಳಿಕೊಂಡಳು.

ಇನ್ನೊಂದು ಮಾತೂ ದಾರಿಯುದ್ದ ಅವಳನ್ನು ಕೊರೆಯುತ್ತಿತ್ತು. ಪ್ರತಿ ತಂಗುದಾಣದಲ್ಲೂ ಪಕ್ಕದ ಗಾಡಿಯವರೊಡನೆ ಮಾತಿಗೆ ನಿಂತಾಗ ಆರ್ಡಿಸ್, "ಅಕ್ಟೋಬರಿಂದ ಇವಳು ನಮ್ಮನೇಲೇ ಇರ್ತಾಳೆ. ಮಂಡಿ ಮಾಡಿಸ್ಕೊಂಡ ಮೇಲೆ ಒಬ್ಬಳೇ ಹೇಗಿರೋಕಾಗುತ್ತೆ? ಅವಳ ಮನೆ ಕೊಟ್ಟುಬಿಡ್ತೀವಿ" ಎನ್ನುತ್ತಿದ್ದಳು. ಲವೋನ್ ಯಾವತ್ತೂ ಹೂಂ ಎಂದಿರಲಿಲ್ಲ. ಊಹೂಂ ಎನ್ನಲೂ ಅಕ್ಕ ಸಂದು ಕೊಟ್ಟಿರಲಿಲ್ಲ.

ಗಡಿಯಾರದ ವಿಷಯ ಹೇಳಬೇಕು. ಟ್ರಕ್ಕಿನ ಗಡಿಯಾರವನ್ನು ಆರ್ಡಿಸ್ ಮನೆಯ ಗಂಟೆಗೇ ಬಿಟ್ಟಿದ್ದಳು. "ಟ್ರಕ್ಕು ಡಕೋಟದ್ದು, ಗಡಿಯಾರಾನೂ ಡಕೋಟದ್ದೇ. ಊರೂರಿಗೆ ತಿರುಗಿಸ್ತಾ ಕೂತ್ಕೊಳ್ಳೋಕೆ ನಂಗೇನು ಹುಚ್ಚಾ?" ಯೂಟಾಕ್ಕೆ ಒಂದು ಗಂಟೆ ಕಳೆಯುತ್ತಿದ್ದಳು. ಅರಿಝೋನಕ್ಕೆ ಎರಡು, ಯಾಕೆಂದರೆ ಅಲ್ಲಿಯವರು ವಸಂತದಲ್ಲಿ ಎಲ್ಲರ ಹಾಗೆ ಗಡಿಯಾರ ಮುಂದೂಡುವುದಿಲ್ಲ. ಲೆಕ್ಕ ಅವಳಿಗೆ ಬಾಯಿಪಾಠ. ಅಲ್ಲಿಯವರೆಗೆ ಎಲ್ಲೂ ತಪ್ಪಿರಲಿಲ್ಲ.

ಮಂಗಳವಾರ ಸಂಜೆ ಕಣಿವೆಯ ಪರವಾನಗಿ ಕೊಡುವ ಕಚೇರಿಯ ಊರನ್ನು ಅವರು ದಾಟಿ ಬಂದರು. ಊರಾಚೆ ಜೂನಿಪರ್ ಗಿಡಗಳ ನಡುವೆ ಸರ್ಕಾರದ ಸಣ್ಣ ತಂಗುದಾಣವೊಂದಿತ್ತು. ಮುಂಚೆ ಹಿಡಿಯುವ ಹಾಗಿಲ್ಲ, ಯಾರು ಮೊದಲು ಬರುತ್ತಾರೋ ಅವರಿಗೆ. ನಾಲ್ಕಾರು ಜಾಗ ಖಾಲಿ ಕಾಣುತ್ತಿತ್ತು.

"ಅಕ್ಕಾ, ಇಲ್ಲೇ ನಿಲ್ಲಿಸು. ಬೆಳಿಗ್ಗೆ ಕಚೇರಿಗೆ ನಡ್ಕೊಂಡೇ ಹೋಗಬಹುದು."

"ಕರೆಂಟ್ ಇಲ್ಲ ಇಲ್ಲಿ. ಗಡಿಯಾಚೆ ಕೆರೆ ಹತ್ರ ಜಾಗ ಹಿಡಿದಿದ್ದೀನಿ."

"ಒಂದು ರಾತ್ರಿ ಕರೆಂಟ್ ಇಲ್ದಿದ್ರೆ ಸತ್ತೋಗ್ತೀವಾ?"

"ಹಿಡಿದಿರೋ ಜಾಗ ಬಿಟ್ಟು ಭಿಕ್ಷುಕರ ಹಾಗೆ ಇಲ್ಯಾಕೆ ಬೀಳಬೇಕು?"

ಟ್ರಕ್ಕು ನಿಲ್ಲಲಿಲ್ಲ. ಗಡಿ ದಾಟಿ ಅರಿಝೋನದ ಕೆರೆಯ ದಂಡೆಯಲ್ಲಿ ರಾತ್ರಿ ಕಳೆದರು.

ಬುಧವಾರ ಬೆಳಕು ಹರಿಯುವ ಮುಂಚೆಯೇ ಲವೋನ್ ಎದ್ದಳು. ಡ್ವೇನನ ಹಳೆಯ ಬೆನ್ನುಚೀಲದಲ್ಲಿ ನೀರು, ಬೆಣ್ಣೆ ಸಕ್ಕರೆ ಸವರಿ ಸುತ್ತಿದ ಲೆಫ್ಸ ರೊಟ್ಟಿ, ಮಂಡಿಗೆ ಕಟ್ಟುವ ಪಟ್ಟಿ ಇಟ್ಟುಕೊಂಡಳು. ಬೂಟಿನ ದಾರ ಎರಡು ಸಲ ಬಿಚ್ಚಿ ಕಟ್ಟಿದಳು. ಆರ್ಡಿಸ್ ಮಾತ್ರ ಎರಡನೆಯ ಲೋಟ ಕಾಫಿ ಹಿಡಿದು ಕೆರೆ ನೋಡುತ್ತ ಕುಳಿತಿದ್ದಳು.

"ಹೊರಡೋಣ ಅಕ್ಕಾ."

"ಬೇಕಾದಷ್ಟು ಹೊತ್ತಿದೆ. ಎರಡು ಗಂಟೆ ಕಳಿ."

ಲವೋನ್ ಮೊಬೈಲು ತೆಗೆದು ನೋಡಿದಳು. "ಇದು ಒಂದು ಗಂಟೆ ಮುಂದೆ ತೋರಿಸ್ತಿದೆ."

"ಆ ಮೊಬೈಲು ಗಡೀಲಿ ಮಂಗನ ಹಾಗೆ ಆಚೆಗೊಂದು ಸಲ ಈಚೆಗೊಂದು ಸಲ ಹಾರುತ್ತೆ. ರಾತ್ರಿ ನೀನೇ ಬೈತಿದ್ದೆಯಲ್ಲ? ನಾವೀಗ ಎಲ್ಲಿದ್ದೀವಿ? ಅರಿಝೋನದಲ್ಲಿ. ಅರಿಝೋನಕ್ಕೆ ಎಷ್ಟು? ಎರಡು."

ಅದು ನಿಜವೇ. ರಾತ್ರಿ ಮೊಬೈಲಿನ ಗಂಟೆ ಎರಡು ಸಲ ಬದಲಾಗಿತ್ತು, ಅವಳು ಬೈದದ್ದೂ ಹೌದು. ಇಷ್ಟು ದೂರ ಲೆಕ್ಕ ತಪ್ಪದ ಅಕ್ಕ ಈಗ ತಪ್ಪುತ್ತಾಳೆಯೇ ಎಂದುಕೊಂಡಳು. ಮೊಬೈಲನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲ ಮೇಲೆ ಕುಳಿತು ಅಕ್ಕನ ಕಾಫಿ ಮುಗಿಯುವುದನ್ನೇ ಕಾದಳು.

ಕಚೇರಿಯ ಮುಂದೆ ಟ್ರಕ್ಕು ನಿಂತಾಗ ಆವರಣ ಖಾಲಿಯಾಗಿತ್ತು. ಲವೋನ್ ಬೆನ್ನುಚೀಲ ಹೆಗಲಿಗೇರಿಸಿಕೊಂಡು ಒಳಗೆ ನಡೆದಳು. ಒಳಗೆ ಅಗಲ ಟೋಪಿಯ ರೇಂಜರ್ ಹುಡುಗಿಯೊಬ್ಬಳು ಕುರ್ಚಿಗಳನ್ನು ಗೋಡೆಗೆ ಒತ್ತರಿಸುತ್ತಿದ್ದಳು.

"ಲವೋನ್ ಟೋರ್ಸ್ಟೆನ್ಸನ್. ಲ್ಯಾಂಟರ್ನ್ ಕಣಿವೆಗೆ, ಇವತ್ತು."

ಹುಡುಗಿ ಗೋಡೆಯ ಗಡಿಯಾರ ನೋಡಿದಳು, ಇವಳ ಬೂಟು ನೋಡಿದಳು. "ಅಯ್ಯೋ, ಅಮ್ಮ. ನಿಮ್ಮ ಹೆಸರು ಮೂರು ಸಲ ಕೂಗಿದೆ. ಬಾರದವರ ಜಾಗ ಹೊರಗೆ ಕಾಯ್ತಿರೋರಿಗೆ ಕೊಡಬೇಕು ಅಂತ ನಿಯಮ. ಕೊಟ್ಟುಬಿಟ್ಟೆ."

"ಇನ್ನೂ ಟೈಮ್ ಆಗಿಲ್ಲವಲ್ಲಮ್ಮ" ಎಂದಳು ಆರ್ಡಿಸ್ ಹಿಂದಿನಿಂದ. "ಎರಡು ಕಳೆದ್ರೆ..."

"ರಾತ್ರಿ ಎಲ್ಲಿ ಉಳ್ಕೊಂಡಿದ್ರಿ?"

"ಕೆರೆ ಹತ್ರ."

"ಅದು ಅರಿಝೋನ. ಇದು ಯೂಟಾ. ಇಲ್ಲಿ ಗಂಟೆ ಅಲ್ಲಿಗಿಂತ ಒಂದು ಮುಂದೆ." ಹುಡುಗಿಯ ದನಿ ಮೆತ್ತಗಾಯಿತು. "ನೀವೊಬ್ಬರೇ ಅಲ್ಲ, ವಾರಕ್ಕೆ ಯಾರಾದ್ರೂ ಒಬ್ಬರು ಹೀಗೇ ಬರ್ತಾರೆ."

ಆರ್ಡಿಸ್ ಗೋಡೆಯ ಗಡಿಯಾರ ನೋಡಿದಳು. ಎಲ್ಲಿದ್ದೇವೆ ಎಂದು ಲೆಕ್ಕ ಹಾಕಿದ್ದಳೇ ಹೊರತು ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಹಾಕಿರಲಿಲ್ಲ.

"ದಿನಾ ಬೆಳಿಗ್ಗೆ ಇಲ್ಲೇ ನಾಳೆಗೆ ಅಂತ ಒಂದಿಷ್ಟು ಚೀಟಿ ಎತ್ತುತ್ತೀವಿ" ಎಂದಳು ರೇಂಜರ್ ಹುಡುಗಿ ಲವೋನಳಿಗೆ. "ಬಂದು ಹೆಸರು ಹಾಕಿ. ಕೆಲವರಿಗೆ ಮೊದಲ ದಿನವೇ ಬರುತ್ತೆ, ಕೆಲವರು ವಾರಗಟ್ಟಲೆ ಬರ್ತಾರೆ. ಖಾತ್ರಿ ಹೇಳೋಕಾಗಲ್ಲ."

"ನಾಳೆ ನಮಗೆ ಗ್ರ್ಯಾಂಡ್ ಕ್ಯಾನಿಯನ್ನಿನಲ್ಲಿ ಜಾಗ ಹಿಡಿದಿದೆ" ಎಂದಳು ಆರ್ಡಿಸ್.

ಇಬ್ಬರೂ ಬಂದು ಟ್ರಕ್ಕು ಹತ್ತಿದರು. ಗಾಜಿನಾಚೆ ಕೆಂಪು ಗುಡ್ಡಗಳು ಬಿಸಿಲಿಗೆ ನಿಂತಿದ್ದವು. ಈ ಹೊತ್ತಿಗೆ ಬೇರೆ ಯಾರೋ ಇಬ್ಬರು ಭುಜ ಓರೆ ಮಾಡಿಕೊಂಡು ಆ ಸಂದಿನೊಳಗೆ ನುಸುಳುತ್ತಿರುತ್ತಾರೆ ಎಂದು ಲವೋನ್ ಯೋಚಿಸುತ್ತಿದ್ದಳು. ಅಕ್ಕ ಒಂದು ಮಾತು ಹೇಳಿದ್ದರೆ, ತಪ್ಪಾಯ್ತು ಕಣೆ ಎಂಬ ಒಂದೇ ಮಾತು, ಅವಳು ಬಹುಶಃ ಅತ್ತುಬಿಟ್ಟು ಸುಮ್ಮನಾಗುತ್ತಿದ್ದಳು.

"ಕಲ್ಲು ಕಣೆ" ಎಂದಳು ಆರ್ಡಿಸ್ ಕೊನೆಗೆ. "ದಾರಿಯುದ್ದ ಕಲ್ಲೇ ನೋಡ್ಕೊಂಡು ಬಂದ್ವಿ. ಇನ್ನೊಂದು ಕಲ್ಲು ಕಾಣ್ಲಿಲ್ಲ ಅಂತ ಮುಖ ಊದಿಸ್ಕೊಂಡು ಕೂತ್ರೆ ಹೇಗೆ? ಅಕ್ಟೋಬರಿಗೆ ನಮ್ಮನೆಗೆ ಬಂದ ಮೇಲೆ ಟೀವೀಲಿ ನೋಡೋಣ ಬಿಡು, ಇಂಥವೆಲ್ಲ ಎಷ್ಟು ತೋರಿಸ್ತಾರೆ."

ಲವೋನ್ ಬೆನ್ನುಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. ಆಮೇಲೆ, "ಜೂನಿಪರ್ ಗಿಡದ ಹತ್ರ ತಿರುಗಿಸು. ಹಸಿವಾಗ್ತಿದೆ" ಎಂದಳು.

ಇಬ್ಬರೂ ತಂಗುದಾಣದ ಒಂದು ಮೂಲೆಯಲ್ಲಿ ನಿಲ್ಲಿಸಿ, ಕಣಿವೆಗೆಂದು ಕಟ್ಟಿದ್ದ ರೊಟ್ಟಿಯನ್ನು ಅಲ್ಲೇ ತಿಂದರು. ಆರ್ಡಿಸ್ ಟ್ರಕ್ಕಿನ ಸೀಟಿನಲ್ಲಿ ಕಾಲು ಚಾಚಿ ಕಣ್ಣು ಮುಚ್ಚಿದಳು. ಗೂಡು ಸಣ್ಣಗೆ ಕಿರ್ರೆಂದಾಗ ಎದ್ದು ಇಳಿದು ಬಂದಳು. ಲವೋನ್ ಸರಪಳಿ ಬಿಚ್ಚಿ ಹಾಕಿದ್ದಳು. ನಾಲ್ಕು ಕಾಲೂ ನೆಲ ಮುಟ್ಟಿದ್ದವು. ಅವಳು ಮೂಲೆಯಿಂದ ಮೂಲೆಗೆ ಹೋಗಿ ಹಿಡಿಕೆ ತಿರುಗಿಸುತ್ತಿದ್ದಳು.

"ಏನೇ ಮಾಡ್ತಿದ್ದೀಯ?"

"ಗೂಡು ಎತ್ತುತ್ತಿದ್ದೀನಿ."

"ನಾಳೆ ಬೆಳಿಗ್ಗೆ ಹೊರಡಬೇಕು ನಾವು!"

"ನೀನು ಹೊರಡು. ನಂದು ಇಲ್ಲೇ ಇರುತ್ತೆ."

ಆರ್ಡಿಸ್ ನಕ್ಕಳು. ತಂಗಿ ನಗದಿರುವುದನ್ನು ನೋಡಿ ನಗು ನಿಲ್ಲಿಸಿದಳು. "ಅಲ್ಲಿ ಜಾಗ ಹಿಡಿದಿದೆಯಲ್ಲೇ, ಗೂಡಿಲ್ದೆ ನಾನು ಅಲ್ಲೇನು ನಿಲ್ಲಿಸಲಿ?"

"ಟ್ರಕ್ಕು ನಿಲ್ಲಿಸು. ನಿಂದೇ ತಾನೆ? ಟಯರು ನಿಂದು, ಸ್ಪ್ರಿಂಗು ನಿಂದು."

"ಮತ್ತೆ ಮಲಗೋದೆಲ್ಲಿ?"

"ಸೀಟಲ್ಲಿ. ನಾನು ಇಷ್ಟು ದಿನ ಮೇಜಿನ ಮೇಲೆ ಮಲಗಲಿಲ್ವಾ?"

"ಮಂಡಿ ನೆಟ್ಟಗಿಲ್ಲ, ಜೊತೆಗೆ ಯಾರೂ ಇಲ್ಲ, ಹಾವಿರೋ ಜಾಗ..."

"ಮಂಡಿ ನೆಟ್ಟಗಿಲ್ಲ ಅಂತಾನೇ ಅಕ್ಕಾ." ಲವೋನ್ ಹಿಡಿಕೆ ಬಿಟ್ಟು ಬೆನ್ನು ನೇರ ಮಾಡಿಕೊಂಡಳು. "ಅಕ್ಟೋಬರಿಗೆ ನಿಮ್ಮನೆಗೆ ನಾನು ಬರಲ್ಲ. ಮುಂಚೆನೇ ಹೇಳಬೇಕಿತ್ತು. ನೀನು ಕೇಳಲೇ ಇಲ್ಲ, ಎಲ್ಲರಿಗೂ ಹೇಳ್ಕೊಂಡು ಬಂದೆ."

ತಂಗುದಾಣ ನೋಡಿಕೊಳ್ಳುವ ಆರಿನ್ ಎಂಬ ಮುದುಕ ಅಷ್ಟು ಹೊತ್ತಿಗೆ ಕಸದ ಚೀಲ ಹಿಡಿದು ಆ ಕಡೆ ಬಂದ. ಇಬ್ಬರ ಮುಖ ನೋಡಿ ಹಿಂದಿರುಗುವುದೋ ಬೇಡವೋ ಎಂದು ತಡೆದ.

"ಎಷ್ಟು ದಿನ ಇರ್ತೀರಮ್ಮ?"

"ಕಣಿವೆಗೆ ಹೆಸರು ಬರೋವರೆಗೆ" ಎಂದಳು ಲವೋನ್. "ಬೆಳಿಗ್ಗೆ ಕಚೇರಿ ಕಡೆ ಹೋಗ್ತೀರಾ?"

"ದಿನಾ ಹೋಗ್ತೀನಿ. ಅಲ್ಲಿ ಕಾಫಿ ಪುಕ್ಕಟೆ. ಚೆನ್ನಾಗಿರಲ್ಲ, ಆದ್ರೂ ಪುಕ್ಕಟೆ." ಆರ್ಡಿಸಳ ಕಡೆ ತಿರುಗಿ, "ಇವರು?" ಎಂದ.

"ನಾನು ಹೊರಡೋಳು" ಎಂದಳು ಆರ್ಡಿಸ್. ಅದನ್ನು ಗಟ್ಟಿಯಾಗಿ ಹೇಳಿಬಿಟ್ಟ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವ ಜಾತಿಯವಳಲ್ಲ ಅವಳು.

ಆ ಸಂಜೆ ತಗಡಿನ ಬಾಣಲೆಯಲ್ಲಿ ಆಲೂಗಡ್ಡೆ ಒಂದು ಕಡೆ ಸೀದು ಒಂದು ಕಡೆ ಹಸಿಯಾಗಿಯೇ ಉಳಿಯಿತು. ಇಬ್ಬರೂ ಅದನ್ನೇ ತಿಂದರು. ಲವೋನ್ ಮೇಜು ಇಳಿಸಿ ಮಲಗಿದಳು. ಆರ್ಡಿಸ್ ಮೇಲೆ ಮಗ್ಗುಲು ಬದಲಿಸುತ್ತಲೇ ಇದ್ದಳು.

ಬೆಳಿಗ್ಗೆ ಆರಿನ್ನನ ಗಾಡಿಯಲ್ಲಿ ಲವೋನ್ ಕಚೇರಿಗೆ ಹೋದಳು. ಕುರ್ಚಿಗಳೆಲ್ಲ ತುಂಬಿದ್ದವು. ರೇಂಜರ್ ಹುಡುಗಿ ಇವಳನ್ನು ಕಂಡು ತಲೆಯಾಡಿಸಿದಳು. ಚೀಟಿ ಎತ್ತಿದರು. ಇವಳ ಹೆಸರು ಬರಲಿಲ್ಲ.

"ನಾಳೆ?" ಎಂದ ಆರಿನ್, ಕಾಗದದ ಲೋಟ ಬಿಸಾಡುತ್ತ.

"ನಾಳೆ" ಎಂದಳು.

ವಾಪಸು ಬರುವಾಗ ಲವೋನಳಿಗೆ ಸಿಟ್ಟು ಬಂದಿತ್ತು. ಬುಧವಾರ ಕೈಯೊಳಗೇ ಇದ್ದದ್ದು ಈಗ ಪ್ರತಿದಿನ ಅಪರಿಚಿತರ ನಡುವೆ ಕುಳಿತು ಬೇಡಿಕೊಳ್ಳುವಂಥದ್ದಾಯಿತಲ್ಲ ಎಂದು. ಅಕ್ಕನಿಗೆ ಒಂದೆರಡು ಮಾತು ಆಡಿಬಿಡಬೇಕು, ಹೋಗುವ ಮುಂಚೆ ಚೆನ್ನಾಗಿ ಆಡಿಬಿಡಬೇಕು ಎಂದು ಮಾತು ಜೋಡಿಸಿಕೊಂಡೇ ಗಾಡಿಯಿಂದ ಇಳಿದಳು.

ಆರ್ಡಿಸ್ ಗೂಡಿನ ಪಕ್ಕ ನಿಂತಿದ್ದಳು. ತಂಗುದಾಣದ ನಲ್ಲಿಯಿಂದ ಕ್ಯಾನು ತುಂಬಿಸಿಕೊಂಡು ಬಂದು ಗೂಡಿನ ತೊಟ್ಟಿಗೆ ಸುರಿಯುತ್ತಿದ್ದಳು. ಅಂಗಿಯ ತೋಳು ಭುಜದವರೆಗೆ ನೆನೆದಿತ್ತು. ನೆಲದಲ್ಲಿ ನಲ್ಲಿಯವರೆಗೂ ನೀರಿನ ಹನಿಯ ಗೆರೆ ಬಿದ್ದಿತ್ತು, ಎಷ್ಟು ಸಲ ಹೋಗಿ ಬಂದಿದ್ದಳೋ. ತೊಟ್ಟಿ ತುಂಬಿ ಬಾಯಿಂದ ಹೊರಗೆ ಚೆಲ್ಲಿತು. ಆಗ ನಿಲ್ಲಿಸಿದಳು.

"ಬಂತಾ ಹೆಸರು?"

"ಇಲ್ಲ."

"ಹೂಂ." ಕ್ಯಾನಿನ ಮುಚ್ಚಳ ತಿರುಗಿಸಿದಳು. "ಇದು ನನ್ನ ಟಯರಿನ ಮೇಲಿಲ್ಲವಲ್ಲ. ಎಷ್ಟು ಭಾರ ಇದ್ರೆ ನಂಗೇನು."

ಜೋಡಿಸಿಕೊಂಡ ಮಾತು ಲವೋನಳ ಬಾಯಲ್ಲೇ ಉಳಿಯಿತು. ಅವಳು ನಾಲ್ಕೂ ಕಾಲಿನ ಹಿಡಿಕೆಗಳನ್ನು ಇನ್ನೂ ಸ್ವಲ್ಪ ತಿರುಗಿಸಿ, ಗೂಡಿಗೂ ಟ್ರಕ್ಕಿಗೂ ನಡುವೆ ಬೆಳಕು ಕಾಣುವಂತೆ ಮಾಡಿ, ಟ್ರಕ್ಕಿನಿಂದ ಗೂಡಿಗೆ ಬರುವ ವಿದ್ಯುತ್ತಿನ ತಂತಿ ಕಿತ್ತಳು. ಆರ್ಡಿಸ್ ಸ್ಟಿಯರಿಂಗ್ ಹಿಂದೆ ಹತ್ತಿ ಕುಳಿತಳು. ಟ್ರಕ್ಕನ್ನು ಗೂಡಿನಡಿಯಿಂದ ನೇರ ಹೊರಗೆ ತರಬೇಕು. ಒಂದು ಗೇಣು ಓರೆಯಾದರೂ ಕಾಲಿಗೆ ತಾಗಿ ಗೂಡು ಮಗುಚಿಕೊಳ್ಳುತ್ತದೆ. ಒಬ್ಬರೇ ಮಾಡುವ ಕೆಲಸವಲ್ಲ. ಲವೋನ್ ಮುಂದೆ ಹೋಗಿ ನಿಂತು ಕೈ ಎತ್ತಿದಳು.

"ಸ್ವಲ್ಪ ಎಡಕ್ಕೆ, ಅಕ್ಕಾ."

ಆರ್ಡಿಸ್ ಈ ಸಲ ಕಾಣುತ್ತಿದೆ ಎನ್ನಲಿಲ್ಲ. ಎಡಕ್ಕೆ ತಿರುಗಿಸಿದಳು.

"ಸಾಕು. ನೇರ. ನೇರ. ನೇರ ಬಾ."

ಟ್ರಕ್ಕು ಒಂದು ಕಡೆಗೂ ತಾಗದೆ ಹೊರಗೆ ಬಂತು. ಬೆನ್ನು ಹಗುರಾಗಿ ಸ್ಪ್ರಿಂಗು ಮೇಲೆದ್ದಿದ್ದವು. ಗೂಡು ತನ್ನ ನಾಲ್ಕು ಕಾಲಿನ ಮೇಲೆ, ಕೆಳಗೆ ಬರೀ ಗಾಳಿ ಇಟ್ಟುಕೊಂಡು, ಜೂನಿಪರ್ ಗಿಡಗಳ ನಡುವೆ ನಿಂತಿತು.

ಆರ್ಡಿಸ್ ಕಿಟಕಿಯ ಗಾಜು ಇಳಿಸಿದಳು. "ವಾಪಸ್ ಬರೋವಾಗ ಈ ದಾರೀಲೇ ಬರ್ತೀನಿ ಅಂತ ಏನೂ ಇಲ್ಲ."

"ನಾನೂ ಕೇಳ್ಲಿಲ್ಲ."

"ಟ್ರಕ್ಕಿಲ್ದೆ ಈ ಡಬ್ಬ ಮನೆಗೆ ಹೇಗೆ ಬರುತ್ತೆ?"

"ಯಾರಾದ್ರೂ ಸಿಗ್ತಾರೆ, ಇಲ್ಲೆಲ್ಲ ಟ್ರಕ್ಕಿನವರೇ. ಇಲ್ದಿದ್ರೆ ನಿಂತಿರುತ್ತೆ. ನಿಲ್ಲೋದು ಅದಕ್ಕೆ ಅಭ್ಯಾಸ."

ಆರ್ಡಿಸ್ ಮುಂದಕ್ಕೆ ನೋಡಿದಳು. ಎಂಜಿನ್ ಓಡುತ್ತಲೇ ಇತ್ತು. ಡ್ಯಾಶ್‌ಬೋರ್ಡಿನ ಗಡಿಯಾರಕ್ಕೆ ಒಮ್ಮೆ ಕಣ್ಣು ಹಾಯಿಸಿ, ಎತ್ತಲೋ ನೋಡುತ್ತ ಕೇಳಿದಳು: "ಈಗ ಇಲ್ಲಿ ಗಂಟೆ ಎಷ್ಟೇ?"

ಲವೋನ್ ಜೇಬಿನಿಂದ ಮೊಬೈಲು ತೆಗೆದು ನೋಡಿ ಹೇಳಿದಳು. ಆರ್ಡಿಸ್ ತಲೆಯಾಡಿಸಿದಳು. ಗಡಿಯಾರ ಮುಟ್ಟಲಿಲ್ಲ. ಗಾಜು ಏರಿಸಿಕೊಂಡು ದೂಳೆಬ್ಬಿಸುತ್ತ ಡಾಂಬರಿನ ಕಡೆ ತಿರುಗಿ, ದಕ್ಷಿಣಕ್ಕೆ ಹಿಡಿದಳು.

ಲವೋನ್ ಒಳಗೆ ಹೋಗಿ ಲೋಟಗಟ್ಟಲೆ ನೀರು ಬಗ್ಗಿಸಿಕೊಂಡು ಮುಖ ತೊಳೆದಳು. ಬೆನ್ನುಚೀಲವನ್ನು ಬಾಗಿಲಿನ ಮೊಳೆಗೆ ಹಾಕಿದಳು, ನಾಳೆ ಬೆಳಿಗ್ಗೆ ಕೈಗೆ ಸಿಗುವ ಹಾಗೆ. ಮೇಲಿನ ಹಾಸಿಗೆಯ ಹೊದಿಕೆ ಕೊಡವಿ, ತನ್ನ ದಿಂಬನ್ನು ಅಲ್ಲಿಗೆ ಎಸೆದಳು.